ಲಾಂಛನದಲ್ಲಿ ಜಾಗ್ವಾರ್, ಹೆಸರಿನಲ್ಲಿ ಪೂಮಾ

ಅರ್ಜೆಂಟೀನಾದ ರಾಷ್ಟ್ರೀಯ ರಗ್ಬಿ ತಂಡ ಜಗತ್ತಿಗೆಲ್ಲ ಪರಿಚಿತವಾಗಿರುವುದು ‘ಲಾಸ್ ಪೂಮಾಸ್’ ಎಂಬ ಹೆಸರಿನಿಂದ. ಆದರೆ ಆ ಹೆಸರು ಹುಟ್ಟಿದಾಗ ಆಟಗಾರರ ತಿಳಿನೀಲಿ ಮತ್ತು ಬಿಳಿ ಪಟ್ಟೆಗಳ ಅಂಗಿಯ ಮೇಲಿದ್ದದ್ದು ಪೂಮಾ ಅಲ್ಲ, ಜಾಗ್ವಾರ್. ಎರಡೂ ಆ ನೆಲದ ಪ್ರಾಣಿಗಳೇ, ಬೆಕ್ಕಿನ ಕುಟುಂಬಕ್ಕೇ ಸೇರಿದವು. ಆದರೂ ಪೂಮಾದ ಮೈ ಕಲೆಯಿಲ್ಲದ ಕಂದು ಬಣ್ಣದ್ದು. ಜಾಗ್ವಾರ್‌ನ ಮೈಮೇಲೆ ಹೂವಿನಂತೆ ಅರಳಿದ ಕಪ್ಪು ಮಚ್ಚೆಗಳಿದ್ದು, ಹಲವು ಮಚ್ಚೆಗಳ ನಡುವೆ ಪುಟ್ಟ ಚುಕ್ಕೆಗಳೂ ಇರುತ್ತವೆ.

1965ರಲ್ಲಿ ತಂಡವು ರೊಡೇಶಿಯಾ (ಇಂದಿನ ಜಿಂಬಾಬ್ವೆ) ಮತ್ತು ವರ್ಣಭೇದ ನೀತಿ ಜಾರಿಯಲ್ಲಿದ್ದ ದಕ್ಷಿಣ ಆಫ್ರಿಕದ ಪ್ರವಾಸ ಕೈಗೊಂಡಿತು. ಆತಿಥೇಯರಿಗೆ ‘ಸ್ಪ್ರಿಂಗ್‌ಬಾಕ್ಸ್’, ನ್ಯೂಜಿಲೆಂಡಿನವರಿಗೆ ‘ಆಲ್ ಬ್ಲ್ಯಾಕ್ಸ್’, ಆಸ್ಟ್ರೇಲಿಯದವರಿಗೆ ‘ವಾಲಬೀಸ್’ ಎಂಬ ಹೆಸರುಗಳಿದ್ದವು. ಈ ಅತಿಥಿಗಳಿಗೆ ಮಾತ್ರ ಪತ್ರಿಕೆಯ ತಲೆಬರಹಕ್ಕೆ ಒಗ್ಗುವಂಥ ಹೆಸರಿರಲಿಲ್ಲ. ‘ಡಿ ಲ್ಯಾಂಡ್‌ಸ್ಟೆಮ್’ ಪತ್ರಿಕೆಯ ವರದಿಗಾರ ಕಾರ್ಲ್ ಕೋಲರ್ ಲಾಂಛನದಲ್ಲಿದ್ದ ಪ್ರಾಣಿಯನ್ನು ಪೂಮಾ ಎಂದು ಭಾವಿಸಿ ಹಾಗೆಯೇ ಬರೆದರು.

ಪತ್ರಿಕೆಯಲ್ಲಿ ಬಂದ ಇಂಥ ತಪ್ಪು ಸಾಮಾನ್ಯವಾಗಿ ಮರುದಿನಕ್ಕೇ ಮರೆತುಹೋಗುತ್ತದೆ. ಇದು ಉಳಿದುಕೊಳ್ಳಲು ಅದೇ ವರ್ಷದ ಜೂನ್ 19ರಂದು ಜೋಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್‌ನಲ್ಲಿ ನಡೆದ ಪಂದ್ಯವೇ ಕಾರಣವೆಂಬುದು ನನ್ನ ದೃಢವಾದ ನಂಬಿಕೆ. ಐಟರ್ ಒಟಾನ್ಯೊ ನಾಯಕತ್ವದ ತಂಡ, ದಕ್ಷಿಣ ಆಫ್ರಿಕದವರೇ ಆದ ಇಜಾಕ್ ವಾನ್ ಹೀರ್ಡನ್ ಅವರ ಮಾರ್ಗದರ್ಶನದಲ್ಲಿ ಪಳಗಿ, ಅಂದು ಜೂನಿಯರ್ ಸ್ಪ್ರಿಂಗ್‌ಬಾಕ್ಸ್ ತಂಡವನ್ನು 11-6ರಿಂದ ಸೋಲಿಸಿತು. ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಅಂಕ ಪಡೆಯುವುದು) ಗಳಿಸಲು ಆಟಗಾರ ಮಾರ್ಸೆಲೊ ಪಾಸ್ಕುವಾಲ್ ಹಾರಿದ ಕ್ಷಣದ ಛಾಯಾಚಿತ್ರವನ್ನು ನೋಡಿದವರಿಗೆ ಆ ಗೆಲುವಿನ ಹುರುಪು ತಾನಾಗಿಯೇ ತಿಳಿಯುತ್ತದೆ: ಎರಡೂ ಕಾಲುಗಳು ನೆಲ ಬಿಟ್ಟಿವೆ, ದೇಹವಿಡೀ ನೆಲಕ್ಕೆ ಸಮಾನಾಂತರವಾಗಿ ಗಾಳಿಯಲ್ಲಿ ಚಾಚಿಕೊಂಡಿದೆ. ಅರ್ಜೆಂಟೀನಾದ ರಗ್ಬಿಗೆ ಹೊರಜಗತ್ತಿನಲ್ಲಿ ಗೌರವ ತಂದುಕೊಟ್ಟ ಆ ಪ್ರವಾಸದೊಂದಿಗೇ ಹೆಸರೂ ಬೆಸೆದುಕೊಂಡಿದ್ದರಿಂದ, ಅದನ್ನು ತಿದ್ದಬೇಕೆಂದು ಯಾರಿಗೂ ಅನ್ನಿಸದಿದ್ದುದು ಸಹಜವೇ. 2007ರ ವಿಶ್ವಕಪ್‌ನಲ್ಲಿ ಮೂರನೆಯ ಸ್ಥಾನ ಪಡೆದಾಗಲೂ, 2020ರಲ್ಲಿ ಸಿಡ್ನಿಯಲ್ಲಿ ಆಲ್ ಬ್ಲ್ಯಾಕ್ಸ್ ವಿರುದ್ಧ 25-15ರಿಂದ ಚರಿತ್ರಾರ್ಹ ಜಯ ಸಾಧಿಸಿದಾಗಲೂ ಅವರು ಪೂಮಾಗಳೇ ಆಗಿದ್ದರು.

ಹಾಗೆಂದು ಲಾಂಛನದ ಮೂಲ ಪ್ರಾಣಿಯ ಹೆಸರು ಕಳೆದುಹೋಗಲಿಲ್ಲ ಎಂಬುದು ನನಗೆ ಬಹಳ ಸಂತೋಷದ ಸಂಗತಿ. ಹಲವು ದೇಶಗಳ ತಂಡಗಳು ಆಡುವ ಸೂಪರ್ ರಗ್ಬಿ ಟೂರ್ನಿಯಲ್ಲಿ 2019ರ ಅಂತಿಮ ಪಂದ್ಯದವರೆಗೆ ಸಾಗಿದ ಬ್ಯೂನಸ್ ಐರಿಸ್‌ನ ತಂಡದ ಹೆಸರು ‘ಹಾಗ್ವಾರೆಸ್’, ಅಂದರೆ ಸ್ಪ್ಯಾನಿಷ್‌ನಲ್ಲಿ ಜಾಗ್ವಾರ್‌ಗಳು. ದೇಶದ ಮಹಿಳಾ ತಂಡವನ್ನು ಈಗ ಜಾಗ್ವಾರ್‌ನ ಸ್ಥಳೀಯ ಹೆಸರಿನಿಂದಲೇ ‘ಲಾಸ್ ಯಾಗ್ವಾರೆಟೇಸ್’ ಎಂದು ಕರೆಯುತ್ತಾರೆ.