‘ಸರಿ’ಯ ಮುಂದಿನ ಚುಕ್ಕಿ

ಕಳೆದ ಭಾನುವಾರ ಸರಸ್ವತಿಪುರದ ನಮ್ಮ ಮನೆಗೆ ಊಟಕ್ಕೆ ಬರಬೇಕಾಗಿದ್ದ ಅಕ್ಕನ ಮಗಳು, ಮಂಡ್ಯದಿಂದ ಹೊರಡುವುದು ತಡವಾಗುತ್ತದೆಂದು ವಾಟ್ಸಾಪ್‌ನಲ್ಲಿ ತಿಳಿಸಿದಳು. ನಾನು ‘ಸರಿ.’ ಎಂದಷ್ಟೇ ಉತ್ತರಿಸಿದೆ. ಎರಡು ನಿಮಿಷದೊಳಗೆ ಅವಳ ಫೋನು ಬಂತು: “ಮಾಮ, ಬೇಜಾರಾಯ್ತಾ?”

ಬೇಜಾರೇನೂ ಇರಲಿಲ್ಲ. ಅಚ್ಚಿನ ಕರಡು ತಿದ್ದುತ್ತಲೇ ವಯಸ್ಸು ಕಳೆದ ನನಗೆ ವಾಕ್ಯ ಮುಗಿದ ಕಡೆ ಪೂರ್ಣವಿರಾಮವಿಡುವುದು ಊಟವಾದ ಮೇಲೆ ಕೈ ತೊಳೆಯುವಷ್ಟೇ ಸಹಜ. ಆದರೆ ಮೊಬೈಲಿನಲ್ಲಿ ಸಂದೇಶ ಕಳುಹಿಸಿದೊಡನೆ ಮಾತು ತಾನಾಗಿಯೇ ಮುಗಿಯುವುದರಿಂದ ಅಲ್ಲಿ ಚುಕ್ಕಿಗೆ ಹಳೆಯ ಕೆಲಸವಿಲ್ಲ. ಕೆಲಸವಿಲ್ಲದಿದ್ದರೂ ಅದು ಬಂದು ಕುಳಿತರೆ, ಓದುವವರು ಅದಕ್ಕೊಂದು ಉದ್ದೇಶವನ್ನು ಹುಡುಕುತ್ತಾರೆ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದವರು 126 ವಿದ್ಯಾರ್ಥಿಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚುಕ್ಕಿಯಿಟ್ಟ ಒಂದು ಪದದ ಉತ್ತರಗಳು ಚುಕ್ಕಿಯಿಲ್ಲದವಕ್ಕಿಂತ ಕಡಿಮೆ ಪ್ರಾಮಾಣಿಕವೆಂದು ತೋರಿದವು. ಅದೇ ಉತ್ತರಗಳನ್ನು ಕೈಬರಹದ ಚೀಟಿಯಲ್ಲಿ ತೋರಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲ ಎಂಬುದು ನನಗೆ ಹೆಚ್ಚು ಕುತೂಹಲಕರವೆನಿಸಿತು.

ದನಿಯ ಏರಿಳಿತದಿಂದ ಅರ್ಥ ತಿರುಗುವುದಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲಿ ‘ಕಾಕು’ ಎಂಬ ಹೆಸರಿದೆ. ಒಂಬತ್ತನೆಯ ಶತಮಾನದ ಆಲಂಕಾರಿಕ ರುದ್ರಟನು, ಆಡಿದ ಮಾತನ್ನು ಬೇರೆ ಅರ್ಥಕ್ಕೆ ತಿರುಗಿಸುವ ವಕ್ರೋಕ್ತಿಯನ್ನು ಶ್ಲೇಷ (ಒಂದೇ ಮಾತಿಗೆ ಎರಡರ್ಥ) ಮತ್ತು ಕಾಕು ಎಂದು ಎರಡಾಗಿ ವಿಂಗಡಿಸಿದ್ದಾನೆ. ಕೂಗಿ ಕರೆಯುವ ಪ್ಲುತ ಸ್ವರದ ಮುಂದೆ ‘೩’ ಎಂದು ಬರೆಯುವುದನ್ನು ವ್ಯಾಕರಣ ಕಲಿಸುತ್ತದೆ, ಆದರೆ ಕಾಕುವಿಗೆ ಅಂಥ ಗುರುತನ್ನು ಯಾರೂ ಕೊಡಲಿಲ್ಲ. ಈಗಿನ ಹುಡುಗರು ಇದ್ದ ಚಿಹ್ನೆಗಳನ್ನೇ ಅದಕ್ಕೆ ಹಚ್ಚಿಕೊಂಡಿದ್ದಾರೆ. ‘ಎಷ್ಟು ಬೇಗ ಬಂದೆ!’ ಎಂದರೆ ಸಂತೋಷ. ಉದ್ಗಾರದ ಜಾಗದಲ್ಲಿ ಚುಕ್ಕಿಯಿಟ್ಟು ‘ಎಷ್ಟು ಬೇಗ ಬಂದೆ.’ ಎಂದರೆ, ಬಂದವನು ಗಡಿಯಾರ ನೋಡಿಕೊಳ್ಳಬೇಕು. ‘ನಿನ್ನ “ಸಹಾಯ”ಕ್ಕೆ ವಂದನೆ’ ಎಂಬಲ್ಲಿ ಉದ್ಧರಣ ಚಿಹ್ನೆಯೇ ಸಹಾಯವನ್ನು ಅಳಿಸಿಹಾಕುತ್ತದೆ. ನನ್ನ ಅಕ್ಕನಂತೂ ಎರಡು ಮಾತಿನ ನಡುವೆ ಉಸಿರು ಬಿಡುವುದಕ್ಕೆಂದು ಮೂರು ಚುಕ್ಕಿಗಳನ್ನು ಇಡುತ್ತಾಳೆ. ‘ಸಾರು ಮಾಡಿದೀನಿ… ಬಾ…’ ಎಂಬುದನ್ನು ಓದಿದ ಮಗಳಿಗೆ, ಅಮ್ಮ ಏನನ್ನೋ ಮುಚ್ಚಿಡುತ್ತಿದ್ದಾಳೆಂಬ ಅನುಮಾನ.

ಹಾಗೆ ನೋಡಿದರೆ ಕನ್ನಡಕ್ಕೆ ಚಿಹ್ನೆಗಳ ಹಂಗು ಕಡಿಮೆಯೇ. ‘ಬರ್ತಾರಂತೆ’ ಎಂಬುದರ ‘ಅಂತೆ’ಯಲ್ಲಿ ನಂಬಿಕೆ ಇಲ್ಲದಿರುವುದನ್ನೂ, ಸಲುಗೆಯವರನ್ನು ಏಕಾಏಕಿ ‘ತಾವು’ ಎಂದು ಕರೆಯುವುದರಲ್ಲಿ ಕೊಂಕನ್ನೂ ತುಂಬಬಹುದು. ಬೋಳು ‘ಸರಿ’ಗೆ ಮಾತ್ರ ಇಂಥ ಯಾವ ಆಸರೆಯೂ ಇಲ್ಲದ್ದರಿಂದ ಇಡೀ ಭಾರ ಆ ಚುಕ್ಕಿಯ ಮೇಲೆ ಬಿತ್ತೆಂದು ಈಗ ಅನಿಸುತ್ತದೆ.

ನಿನ್ನೆ ಅವಳು ಮತ್ತೆ, ಮುಂದಿನ ವಾರ ಬರುವೆನೆಂದು ಬರೆದಳು. ಚುಕ್ಕಿ ಬಿಡಲು ಕೈ ಒಪ್ಪಲಿಲ್ಲ, ‘ಸರಿಯಮ್ಮ.’ ಎಂದು ಕಳುಹಿಸಿದೆ. ಫೋನು ಬರಲಿಲ್ಲ.