ಕೊಯ್ಲಿನ ನಡುವೆ ಒಂದು ಕರೆ

ಕಣದಲ್ಲಿ ಹರಡಿದ್ದ ಅರೇಬಿಕಾ ಕಾಫಿ ಹಣ್ಣು ಅಕಾಲಿಕ ಮಳೆಗೆ ನೆನೆದ ರಾತ್ರಿಯಿಂದ ನನಗೆ ಸರಿಯಾಗಿ ನಿದ್ರೆ ಬಂದಿರಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಮನೆಯವರ ಮೇಲೆ ಕಾರಣವಿಲ್ಲದೆ ರೇಗುತ್ತಿದ್ದೆ. ಸಂಜೆಯ ಕಾಫಿ ಬಿಟ್ಟೆ (ಚಿಕ್ಕಮಗಳೂರಿನವರಿಗೆ ಇದು ಸುಲಭವಲ್ಲ). ಬೆಳಿಗ್ಗೆ ತೋಟದ ದಾರಿಯಲ್ಲಿ ಅರ್ಧ ಗಂಟೆ ನಡೆಯುತ್ತಾ, ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರನ್ನು ಹೊರಬಿಡುವುದನ್ನು ರೂಢಿಸಿಕೊಂಡೆ. ಆಗ ಹೃದಯದ ಬಡಿತ ತಗ್ಗುವುದು ನಿಜಕ್ಕೂ ಅನುಭವಕ್ಕೆ ಬಂತು. ಆದರೆ ಮೂರು ವಾರವಾದರೂ ನಿದ್ರೆ ಮರಳದಿದ್ದಾಗ, 2022ರ ಅಕ್ಟೋಬರ್ 10ರಂದು ಆರಂಭವಾದ, ಹಗಲಿರುಳೂ ಉಚಿತವಾಗಿ ದೊರೆಯುವ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಎಲ್ಲವನ್ನೂ ಹೇಳಿಕೊಂಡೆ. ಆಪ್ತಸಮಾಲೋಚಕರು ತಾಳ್ಮೆಯಿಂದ ಕೇಳಿ, ಮನೋವೈದ್ಯರನ್ನು ಕಾಣುವಂತೆ ಸೂಚಿಸಿದರು. ಗಿಡಕ್ಕೆ ಕಾಂಡಕೊರಕ ಬಿದ್ದರೆ ಅಂದೇ ತಜ್ಞರನ್ನು ವಿಚಾರಿಸುವ ನಾನು, ನನ್ನ ವಿಷಯದಲ್ಲಿ ಇಷ್ಟು ತಡಮಾಡಿದ್ದು ಈಗ ನೋವು ತರುತ್ತಿದೆ. ನಾಳೆ ವೈದ್ಯರೊಂದಿಗೆ ಎರಡನೆಯ ಭೇಟಿಯಿದೆ.