ಕೊನೆಗೂ ಆರ್‌ಎನ್‌ಎ ಬಿಟ್ಟಿತು! ವ್ಯಾಕ್ಸೀನಿಯಾ ಪಾಲಿಮರೇಸ್ ಮಾಡೆಲ್ ಎಲ್ಲಿಗೆ ಬಂತು

ವ್ಯಾಕ್ಸೀನಿಯಾ ಅಂದರೆ ಸಿಡುಬಿನ ಬಳಗದ ಒಂದು ವೈರಸ್. ಅದರ ಡಿಎನ್‌ಎ ಓದಿ ಆರ್‌ಎನ್‌ಎ ಬರೆಯುವ ಪ್ರೋಟೀನ್ ಯಂತ್ರ ಪಾಲಿಮರೇಸ್. ಅದರ 3ಡಿ ಪ್ರಿಂಟ್ ಮಾಡೆಲ್ ಮಾಡುತ್ತಿದ್ದೇನೆ, ಆರ್‌ಎನ್‌ಎ ಜಾಗದಲ್ಲಿ ಮಣಿದಾರ. ನಿನ್ನೆ ರಾತ್ರಿ ಆ ಮಣಿದಾರ ತಾನಾಗೇ ಜಾರಿ ಮೇಜಿನ ಮೇಲೆ ಬಿತ್ತು. ಯಾರೂ ಎಳೆಯಲಿಲ್ಲ, ಅಲುಗಾಡಿಸಲೂ ಇಲ್ಲ. ಖುಷಿ ತಡೆಯೋಕಾಗದೆ ಬರೀತಿದ್ದೇನೆ.

ಪ್ರಿಂಟಿಂಗ್ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. 2019ರಲ್ಲಿ ಪ್ರಕಟವಾದ ಕ್ರಯೋ-ಇಎಂ (ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ) ರಚನೆಯ ಫೈಲ್ ಇಳಿಸಿಕೊಂಡು ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ತೆಗೆದೆ. ಸಪೋರ್ಟ್ ಕೀಳುವ ಪಾಡು ನಿಮಗೆ ಗೊತ್ತೇ ಇದೆ. ಸಿಟ್ಟು ಬಂದಿದ್ದು ಫಿಲಮೆಂಟ್ (ಪ್ರಿಂಟರ್‌ಗೆ ಹಾಕುವ ಪ್ಲಾಸ್ಟಿಕ್ ದಾರ) ಮಾರುವವರ ಮೇಲೆ. ಕವರ್ ಹರಿದ ರೋಲ್ ಕಳಿಸಿದ್ದರು. ತೇವ ಹಿಡಿದು ನಾಜಲ್‌ನಲ್ಲಿ ಚಟಚಟ ಸದ್ದು, ಭಾಗಗಳ ಮೈತುಂಬಾ ಕೂದಲೆಳೆ. ಫೋನ್ ಮಾಡಿದರೆ, ‘ಓಪನ್ ಆಗಿರೋ ರೋಲ್ ವಾಪಸ್ ತಗೊಳ್ಳಲ್ಲ ಸಾರ್’ ಅಂದರು!

ನಿಜವಾಗಿ ಕಾಡಿದ್ದು ಕೊನೆಯ ಹಂತ. ವ್ಯಾಕ್ಸೀನಿಯಾದ ಆರಂಭಿಕ ಜೀನ್‌ಗಳ (ಸೋಂಕಿನ ಶುರುವಿನಲ್ಲೇ ಬಳಕೆಯಾಗುವವು) ಕೊನೆಯಲ್ಲಿ ಒಂದು ಗುರುತು ಇರುತ್ತದೆ: ಸಾಲಾಗಿ ಐದು ಯು (ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದು), ಆಮೇಲೆ ಯಾವುದಾದರೂ ಒಂದು ಅಕ್ಷರ, ಮತ್ತೆ ಒಂದು ಯು. ಆದರೆ ಪಾಲಿಮರೇಸ್ ಅಲ್ಲೇ ನಿಲ್ಲುವುದಿಲ್ಲ. ಇನ್ನೂ 20ರಿಂದ 50 ಅಕ್ಷರ ಬರೆದು ಆಮೇಲೆ ಬಿಡುತ್ತದೆ. ಯಾಕೆ? ಗುರುತನ್ನು ಓದುವುದು ಡಿಎನ್‌ಎಯಲ್ಲಿ ಅಲ್ಲ, ಹೊರಗೆ ಬಂದ ಆರ್‌ಎನ್‌ಎಯಲ್ಲಿ. 1980ರ ದಶಕದ ಕೊನೆಯಲ್ಲಿ ಸ್ಟ್ಯುವರ್ಟ್ ಶೂಮನ್ ಮತ್ತು ಬರ್ನಾರ್ಡ್ ಮಾಸ್ ಅನ್ನುವ ವಿಜ್ಞಾನಿಗಳು ಇದನ್ನು ಚೆನ್ನಾಗಿ ತೋರಿಸಿದರು. ಆರ್‌ಎನ್‌ಎಯಲ್ಲಿ ಯು ಬದಲು ಅದನ್ನೇ ಹೋಲುವ ಬ್ರೋಮೋಯುರಿಡಿನ್ ಸೇರಿಸಿದರು. ಡಿಎನ್‌ಎ ಇದ್ದ ಹಾಗೇ ಇತ್ತು, ಆದರೂ ಪಾಲಿಮರೇಸ್ ನಿಲ್ಲದೆ ಮುಂದೆ ಓಡಿತು. ಎಂಥ ಚೆಂದದ ಪ್ರಯೋಗ ಅಲ್ವಾ?

ಹಾಗಾಗಿ ಮಾಡೆಲ್‌ನಲ್ಲೂ ಗುರುತನ್ನು ಹಿಡಿಯುವ ಮ್ಯಾಗ್ನೆಟ್ ಇರುವುದು ಆರ್‌ಎನ್‌ಎ ಹೊರಬರುವ ಬಾಯಲ್ಲಿ, ಡಿ1-ಡಿ12 ಅನ್ನುವ ಪ್ರೋಟೀನ್ ಜೋಡಿಯ ಮೇಲೆ. ಆರ್‌ಎನ್‌ಎಯ ತಲೆಗೆ ಕ್ಯಾಪ್ (ರಕ್ಷಣೆಯ ಟೊಪ್ಪಿ) ತೊಡಿಸುವುದೂ ಇದೇ ಜೋಡಿ, ಅದರ ಕೊನೆಗೆ ಕಾರಣವಾಗುವುದೂ ಇದೇ. ಯು ಮಣಿಗಳು ಉಕ್ಕಿನವು, ಉಳಿದವು ಪ್ಲಾಸ್ಟಿಕ್. ಸಾಲು ಸರಿಯಾಗಿ ಎದುರು ಬಂದರೆ ಮಾತ್ರ ಕೊಂಡಿ ಬಿಚ್ಚುತ್ತದೆ.

ಕೊಂಡಿಯೇನೋ ಬಿಚ್ಚುತ್ತಿತ್ತು, ದಾರ ಬರುತ್ತಿರಲಿಲ್ಲ. ರಬ್ಬರ್ ಬ್ಯಾಂಡ್ ಕಟ್ಟಿ ಎಳೆಸಿದರೆ ಡಿಎನ್‌ಎಗೆ ಅಂಟಿದ ತುದಿ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಹಿಡಿತ ಸಡಿಲ ಮಾಡಿದರೆ ಗುರುತು ಬರುವ ಮೊದಲೇ ಜಾರುತ್ತಿತ್ತು. ತಲೆ ಚಿಟ್ಟು ಹಿಡಿದುಹೋಯಿತು.

ದಾರಿ ತೋರಿಸಿದ್ದು ಎನ್‌ಪಿಎಚ್-1 ಮೇಲಿನ 2016ರ ಒಂದು ಪ್ರಬಂಧ. ಎಟಿಪಿ (ಕೋಶದ ಇಂಧನ) ಒಡೆದು ಆರ್‌ಎನ್‌ಎ ಬಿಡಿಸುವ ಪ್ರೋಟೀನ್ ಇದು. ಆ ಬಿಡುಗಡೆ ಚೆನ್ನಾಗಿ ಆಗಬೇಕಾದರೆ, ಬಿಚ್ಚಿಕೊಂಡ ಡಿಎನ್‌ಎಯ ಎರಡು ಎಳೆಗಳು ಹಿಂಭಾಗದಲ್ಲಿ ಮತ್ತೆ ಕೂಡಿಕೊಳ್ಳುವಂತಿರಬೇಕು ಅಂತ ಅದರಲ್ಲಿದೆ. ಓದಿದ ತಕ್ಷಣ ನೆನಪಾಗಿದ್ದು ಸೂಟ್‌ಕೇಸಿನ ಜಿಪ್. ಎರಡು ರನ್ನರ್, ನಡುವೆ ಮಾತ್ರ ತೆರೆದ ಜಾಗ. ಮುಂದಿನ ರನ್ನರ್ ಬಿಚ್ಚುತ್ತಾ ಹೋಗುತ್ತದೆ, ಹಿಂದಿನದು ಹಾಕುತ್ತಾ ಬರುತ್ತದೆ.

ಡಿಎನ್‌ಎ ಪಟ್ಟಿ ಕಿತ್ತು ಜಿಪ್ ಹೊಲಿದೆ. ಕೊಂಡಿ ಬಿಚ್ಚಿದಾಗ ರಬ್ಬರ್ ಬ್ಯಾಂಡ್ ಈಗ ದಾರವನ್ನು ಎಳೆಯುವುದಿಲ್ಲ, ಹಿಂದಿನ ರನ್ನರ್ ಅನ್ನು ಮುಂದಕ್ಕೆ ತಳ್ಳುತ್ತದೆ. ಹಲ್ಲುಗಳು ಒಂದೊಂದಾಗಿ ಕೂಡುತ್ತಾ, ನಡುವೆ ಅಂಟಿಕೊಂಡಿದ್ದ ಮಣಿಗಳನ್ನು ಟಕಟಕ ಎಬ್ಬಿಸಿಬಿಡುತ್ತವೆ. ನಿಜವಾದ ಎನ್‌ಪಿಎಚ್-1 ಹೀಗೇ ತಳ್ಳುತ್ತದೆ ಅಂತ ನಾನು ಹೇಳುತ್ತಿಲ್ಲ. ಹಿಂದಿನ ಎಳೆಗಳು ಕೂಡುವುದು ಎಷ್ಟು ಮುಖ್ಯ ಅನ್ನುವುದು ಮಾತ್ರ ಮಾಡೆಲ್‌ನಲ್ಲಿ ಕಣ್ಣಿಗೇ ಕಾಣುತ್ತದೆ.

ಎನ್‌ಪಿಎಚ್-1 ಕೂತಿರುವುದು ಇನ್ನೊಂದು ಪ್ರೋಟೀನ್ ಆದ ರ‍್ಯಾಪ್94 ಮೇಲೆ. ಈ ರ‍್ಯಾಪ್94 ಅನ್ನು ಬೇಕೆಂದೇ ಕಳಚುವ ಹಾಗೆ ಮಾಡಿದ್ದೇನೆ. ತಡವಾದ ಜೀನ್‌ಗಳನ್ನು (ಸೋಂಕಿನ ಕೊನೆಯ ಹಂತದಲ್ಲಿ ಬಳಕೆಯಾಗುವವು) ಬರೆಯುವ ಪಾಲಿಮರೇಸ್‌ನಲ್ಲಿ ರ‍್ಯಾಪ್94 ಇರುವುದಿಲ್ಲ. ಅದಕ್ಕೇ ಅದು ಇದೇ ಗುರುತು ಎದುರಾದರೂ ಲೆಕ್ಕಿಸದೆ ಓಡುತ್ತದೆ.

ಈಗ ತಲೆತುಂಬಾ ಆ ತಡವಾದ ಜೀನ್‌ಗಳೇ. ಅಲ್ಲಿ ಎ18 ಅನ್ನುವ ಪ್ರೋಟೀನ್ ಆರ್‌ಎನ್‌ಎ ಬಿಡಿಸುತ್ತದೆ, ಜಿ2 ಮತ್ತು ಜೆ3 ಅನ್ನುವ ಪ್ರೋಟೀನ್‌ಗಳು ಬರವಣಿಗೆ ಮುಂದುವರಿಸುತ್ತವೆ. ಎ18 ಕೆಟ್ಟರೆ ಆರ್‌ಎನ್‌ಎ ಜಾಸ್ತಿ ಉದ್ದ, ಜಿ2 ಕೆಟ್ಟರೆ ಗಿಡ್ಡ. ಐಬಿಟಿ ಅನ್ನುವ ಔಷಧಿ ಹಾಕಿದರೂ ಉದ್ದವಾಗುತ್ತದೆ, ಹಾಗಾಗಿ ಜಿ2 ಕೆಟ್ಟ ಕೆಲವು ವೈರಸ್‌ಗಳು ಬೆಳೆಯೋಕೆ ಆ ಔಷಧಿಯೇ ಬೇಕು! ಇದರ ಹತ್ತಿರದ ನಂಟ ಮೆಥಿಸಜೋನ್ ಅನ್ನು 1960ರ ದಶಕದಲ್ಲಿ ಮದ್ರಾಸಿನಲ್ಲಿ ಸಿಡುಬು ರೋಗಿಗಳ ಜೊತೆಗಿದ್ದವರಿಗೆ ಕೊಟ್ಟು ನೋಡಿದ್ದರು.

ಎರಡು ಕಡೆಯಿಂದ ಎಳೆಯುವ ಸ್ಪ್ರಿಂಗ್, ನಡುವೆ ಐಬಿಟಿಗೆ ಒಂದು ನಾಬ್. ಡ್ರಾಯಿಂಗ್ ಶುರು ಮಾಡಿದ್ದೇನೆ. ಸಣ್ಣ ಟೆನ್ಷನ್ ಸ್ಪ್ರಿಂಗ್ ಬಿಡಿಯಾಗಿ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನೂರರ ಪ್ಯಾಕೆಟ್ ಬೇಡ.